ನಾಲ್ಕೂ ಕಡೆ ಹೊಳೆ

ನಮ್ಮ ಸೋದರಮಾವ ಒಂದು ದ್ವೀಪವನ್ನು ಆಳುತ್ತಿದ್ದರು. ಪ್ರಜೆಗಳು ಒಬ್ಬರೂ ಇರಲಿಲ್ಲವಾದ್ದರಿಂದ ಆಡಳಿತ ಬಹಳ ಚೆನ್ನಾಗಿ ನಡೆಯುತ್ತಿತ್ತು!

ದ್ವೀಪ ಅಂದಕೂಡಲೇ ನೀವು ಸಮುದ್ರ, ತೆಂಗಿನಮರ, ಹಡಗು ಎಲ್ಲವನ್ನೂ ಕಣ್ಣಮುಂದೆ ತಂದುಕೊಂಡಿದ್ದರೆ ದಯವಿಟ್ಟು ಕೆಳಗಿಳಿಸಿಬಿಡಿ. ನನಗೆ ಉತ್ಪ್ರೇಕ್ಷೆ ಆಗಿಬರುವುದಿಲ್ಲ. ನಮ್ಮ ಹೊನ್ನಾಳಿಯಿಂದ ಗೋವಿನಕೋವಿ ಕಡೆಗೆ ಹೊಳೆದಂಡೆ ಹಿಡಿದು ಹೋದರೆ, ಒಂದು ಕಡೆ ತುಂಗಭದ್ರೆ ಯಾಕೋ ಮನಸ್ಸು ಕೆಟ್ಟವಳಂತೆ ಎರಡಾಗಿ ಹರಿದು, ಸ್ವಲ್ಪ ದೂರ ಹೋದಮೇಲೆ ಯೋಚನೆ ಬದಲಿಸಿ ಮತ್ತೆ ಒಂದಾಗುತ್ತಾಳೆ. ಆ ನಡುವೆ ಉಳಿದುಕೊಂಡ ಮಣ್ಣು, ಮರಳು, ಬಂಡೆಗಳ ತುಂಡೇ ಈ ದ್ವೀಪ. ಊರವರು ಅದನ್ನು ಬರೀ ‘ಗಡ್ಡೆ’ ಅನ್ನುತ್ತಿದ್ದರು. ಒಂದು ಹೊಂಗೆಮರ, ಒಂದಷ್ಟು ಲಕ್ಕಿ ಗಿಡ, ಅಂಚಿನಲ್ಲಿ ಜೊಂಡು, ತುದಿಯಲ್ಲಿ ಮಲಗಿದ ಎಮ್ಮೆಯಂಥ ಕರೀ ಬಂಡೆ. ಮುಗಿಯಿತು. ಇದರ ಇತಿಹಾಸ ಮತ್ತು ಭೂಗೋಳವನ್ನು ನಮ್ಮ ಮಾವ ಒಂದು ಹೊತ್ತಿನ ಊಟ ಬಿಟ್ಟಾದರೂ ಹೇಳಬಲ್ಲವರಾಗಿದ್ದರು. ಕೇಳುವವರು ಎರಡು ಹೊತ್ತಿನದು ಬಿಡಬೇಕಾಗುತ್ತಿತ್ತು, ಅಷ್ಟೇ ವ್ಯತ್ಯಾಸ.

ಮಾವನಿಗೆ ಸರ್ವೆ ಇಲಾಖೆಯಲ್ಲಿ ಕೆಲಸ, ಜಮೀನು ಅಳೆಯುವುದು. ಚನ್ನಗಿರಿ, ಹೊನ್ನಾಳಿ, ಜಗಳೂರು ಎಂದು ವರ್ಗವಾದ ಕಡೆಗೆಲ್ಲ ಅಳತೆಯ ಸರಪಳಿ, ಬೀಡಿಕಟ್ಟು ಮತ್ತು ಬಾಯ್ತುಂಬ ಮಾತು, ಈ ಮೂರನ್ನೇ ಹೊತ್ತುಕೊಂಡು ತಿರುಗುತ್ತಿದ್ದರು. ಮೂರರಲ್ಲಿ ಮಾತಿನ ತೂಕವೇ ಹೆಚ್ಚು. ಬಸ್ಸಿನಲ್ಲಿ ಅವರ ಪಕ್ಕ ಕೂತವರೊಬ್ಬರು ನ್ಯಾಮತಿಯಲ್ಲಿ ಇಳಿಯಬೇಕಾದವರು ಹೊನ್ನಾಳಿಯವರೆಗೂ ಬಂದು, ನಮ್ಮ ಮನೆಯಲ್ಲೇ ಊಟ ಮಾಡಿ, ಸಾಯಂಕಾಲದ ಬಸ್ಸಿಗೆ ವಾಪಸ್ಸು ಹೋದದ್ದನ್ನು ನಾನೇ ನೋಡಿದ್ದೇನೆ. ಹೋಗುವಾಗ ಅವರಿಗೆ ಗಡ್ಡೆಯ ಉದ್ದಗಲವೆಲ್ಲ ಬಾಯಿಪಾಠವಾಗಿತ್ತು.

ನಾನು ಇದಕ್ಕೆ ತದ್ವಿರುದ್ಧ. ನಮ್ಮ ಅಪ್ಪ ಅಮ್ಮ ಇದ್ದದ್ದು ತ್ಯಾವಣಿಗೆ ಹತ್ತಿರದ ಹಳ್ಳಿಯಲ್ಲಿ. ಓದಲಿ ಎಂದು ನನ್ನನ್ನು ಚಿಕ್ಕಂದಿನಲ್ಲೇ ಹೊನ್ನಾಳಿಯ ಅಜ್ಜಿ ಮನೆಯಲ್ಲಿ ಬಿಟ್ಟಿದ್ದರು. ಅದು ಮನೆಯೋ ಬಸ್‌ಸ್ಟ್ಯಾಂಡೋ ಎಂದು ಕೇಳುವಂತಿತ್ತು. ಮಾವಂದಿರು, ಅತ್ತೆಯಂದಿರು, ಅವರ ಮಕ್ಕಳು, ಸಂತೆಗೆ ಬಂದವರು, ಕೋರ್ಟಿಗೆ ಬಂದವರು, ಯಾಕೆ ಬಂದೆವೆಂದು ಮರೆತವರು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ನಾನೂ ಮಾತಾಡುತ್ತಿದ್ದೆ, ಅಗತ್ಯವಿದ್ದಷ್ಟು. ನನ್ನ ಅಗತ್ಯ ಆ ಮನೆಯ ಅಗತ್ಯಕ್ಕಿಂತ ತೀರಾ ಕಡಿಮೆ ಇತ್ತು, ಅದೇ ತೊಂದರೆ.

“ಈ ಹುಡುಗಿಗೆ ಬಾಯಿ ಐತೋ ಇಲ್ವೋ?” ಎಂದು ಅಜ್ಜಿ ದಿನಾ ಕೇಳುತ್ತಿದ್ದಳು. ಮಾತು ಬಾರದ ಹಸುಗೂಸಿನ ನಾಲಿಗೆಗೆ ತೇಯ್ದು ಹಚ್ಚುವ ಬಜೆ ಬೇರನ್ನು, ಮೂರನೇ ಕ್ಲಾಸಿನಲ್ಲಿ ಮಗ್ಗಿ ಹೇಳುತ್ತಿದ್ದ ನನಗೆ ಹಚ್ಚುತ್ತಿದ್ದಳು! ಆ ಖಾರಕ್ಕೆ ಇದ್ದ ಎರಡು ಮಾತೂ ಒಳಗೇ ಹೋಗುತ್ತಿದ್ದವು.

ಒಮ್ಮೆ ಮಾವ ಅದನ್ನು ನೋಡಿದರು. “ಬಾಯಿ ಐತೆ ಕಣವ್ವ, ಬಾಡಿಗೆಗೆ ಕೊಟ್ಟಿಲ್ಲ ಅಷ್ಟೇ. ನಿಂದು ನೋಡು, ಯಾವಾಗ್ಲೂ ಜನ ತುಂಬಿರ್ತಾರೆ.”

“ನಿಂದೇನು ಕಮ್ಮಿನಾ? ನಿನ್ನ ಹೆತ್ತಾಗ ಬಜೆ ಜಾಸ್ತಿ ಆತು, ಅದೇ ನಾ ಮಾಡಿದ ತಪ್ಪು!” ಅಂದಳು ಅಜ್ಜಿ.

ಆ ಮಧ್ಯಾಹ್ನ ನಾನು ಎಂದಿನಂತೆ ನಡುಮನೆಯಲ್ಲಿ, ಜೋಳ ತುಂಬಿದ ದೊಡ್ಡ ಮಣ್ಣಿನ ವಾಡೆಯ ಹಿಂದೆ ಪುಸ್ತಕ ಹಿಡಿದು ಕೂತಿದ್ದೆ. ಆ ಮನೆಯಲ್ಲಿ ನನಗೆ ಸಿಕ್ಕಿದ್ದ ಏಕಾಂತ ಅಷ್ಟೇ ಅಗಲದ್ದು, ಅದರಲ್ಲೂ ಇಲಿಗಳಿಗೆ ಪಾಲಿತ್ತು. ಮಾವ ಬಗ್ಗಿ ನೋಡಿದರು. “ಯಾರೂ ಮಾತಾಡಿಸಬಾರದಾ ಪುಟ್ಟಿ?” ಅಂದರು. ನಾನು ತಲೆ ಆಡಿಸಿದೆ. “ಹಂಗಾರೆ ನಡಿ. ಅಂಥ ಜಾಗ ನನ್ನ ಹತ್ರ ಒಂದೈತೆ.”

ಹೀಗೆ ನಾನು ಮೊದಲ ಸಲ ಗಡ್ಡೆಗೆ ಹೋದದ್ದು. ಹರಿಗೋಲು ಹಾಕಿದವನು ಹನುಮಪ್ಪ, ಮಾವನ ವಾರಿಗೆಯವನು. ಈ ದಂಡೆಯಿಂದ ಗಡ್ಡೆ ಮುಟ್ಟುವವರೆಗೆ ಮಾವ ಒಂದೇ ಸಮನೆ ಮಾತಾಡಿದರು. ಹರಿಗೋಲಿನ ತಳ ಮರಳಿಗೆ ತಾಗಿತು, ಮಾವನ ಮಾತು ನಿಂತಿತು. ನಾನು ಬೆಚ್ಚಿ ಅವರ ಮುಖ ನೋಡಿದೆ, ಏನಾದರೂ ಆಯಿತೇನೋ ಎಂದು. ಏನೂ ಆಗಿರಲಿಲ್ಲ. ಹೊಂಗೆಯ ನೆರಳು ತೋರಿಸಿ, ತಾವು ಇನ್ನೊಂದು ಕಡೆ ಹೋಗಿ ಕೂತರು. ಸಾಯಂಕಾಲದವರೆಗೆ ನನ್ನನ್ನು ಯಾರೂ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ನೀರು, ಟಿಟ್ಟಿಭ ಹಕ್ಕಿಗಳ ಕಿರುಚಾಟ, ಪುಸ್ತಕದ ಹಾಳೆ. ನನ್ನ ಆಯುಸ್ಸಿನ ಅತ್ಯಂತ ದೊಡ್ಡ ಉಡುಗೊರೆ ಅಂದು ಸಿಕ್ಕಿತು. ಅದನ್ನು ಕೈಯಲ್ಲಿ ಹಿಡಿದು ತೋರಿಸುವಂತಿರಲಿಲ್ಲವಾದ್ದರಿಂದ ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಈಗ ಭೂಗೋಳಕ್ಕೆ ಬರೋಣ.

ಪ್ರತಿವರ್ಷ ಮಳೆಗಾಲದಲ್ಲಿ ಗಡ್ಡೆ ಮುಳುಗುತ್ತಿತ್ತು. ಹೊಂಗೆಯ ನೆತ್ತಿ ಮಾತ್ರ ಕಾಣುತ್ತಿತ್ತು. ದೀಪಾವಳಿ ಹೊತ್ತಿಗೆ ನೀರು ಇಳಿದು ಗಡ್ಡೆ ಮೇಲೆ ಬರುವಾಗ ಹಿಂದಿನ ವರ್ಷದ ಆಕಾರದಲ್ಲೇ ಬರಬೇಕೆಂಬ ನಿಯಮವಿಲ್ಲ. ಒಂದು ವರ್ಷ ಬಾಲ ಬೆಳೆದಿರುತ್ತಿತ್ತು, ಇನ್ನೊಂದು ವರ್ಷ ಹೊಟ್ಟೆ. ಆದ್ದರಿಂದ ಮಾವ ಎಲ್ಲಿಗೆ ವರ್ಗವಾಗಿದ್ದರೂ ಆ ಹೊತ್ತಿಗೆ ರಜೆ ಹಾಕಿ ಬಂದು ಗಡ್ಡೆಯನ್ನು ಹೊಸದಾಗಿ ಅಳೆಯುತ್ತಿದ್ದರು. ರಜೆಗೆ ಕಾರಣ ಹೊಟ್ಟೆನೋವು.

“ಅಲ್ರೀ, ನಿಮ್ಮ ಹೊಟ್ಟೆನೋವು ಪ್ರತಿವರ್ಷ ದೀಪಾವಳಿ ಆದ್ಮೇಲೇ ಬರ್ತದಲ್ಲ?” ಎಂದು ಮೇಲಧಿಕಾರಿ ಕೇಳಿದರಂತೆ.

“ಹೌದು ಸಾರ್. ನೀರು ಇಳಿದ ಮೇಲೇ ಶುರುವಾಗಾದು.”

ಜಮೀನಿನ ಕಾಗದದಲ್ಲಿ ಚೆಕ್ಕುಬಂದಿ ಅಂತ ಬರೆಯುತ್ತಾರಲ್ಲ, ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಇಂಥವರ ಬೇಲಿ ಎಂದು, ಗಡ್ಡೆಯದನ್ನು ಮಾವ ಮಂತ್ರದಂತೆ ಹೇಳುತ್ತಿದ್ದರು: “ಪೂರ್ವಕ್ಕೆ ಹೊಳೆ, ಪಶ್ಚಿಮಕ್ಕೆ ಹೊಳೆ, ಉತ್ತರಕ್ಕೆ ಹೊಳೆ, ದಕ್ಷಿಣಕ್ಕೆ ಅದೇ ಹೊಳೆ. ನೋಡು ಪುಟ್ಟಿ, ನಾಲ್ಕೂ ಕಡೆ ಒಬ್ಬರೇ ನೆರೆಯವರು. ವರ್ಷಕ್ಕೊಮ್ಮೆ ಪೂರ್ತಿ ಒತ್ತುವರಿ ಮಾಡ್ತಾರೆ. ಆದ್ರೆ ತಾವಾಗೇ ಬಿಟ್ಟುಕೊಡ್ತಾರೆ! ನಮ್ಮ ಮೂರು ತಾಲ್ಲೂಕಿನಾಗೆ ಇಂಥ ನೆರೆಯವರು ಇನ್ನೊಬ್ಬರನ್ನ ತೋರಿಸು.”

ಅಳತೆಗೆ ನಾನು ಸರಪಳಿಯ ಒಂದು ತುದಿ ಹಿಡಿಯುತ್ತಿದ್ದೆ. ಕರೀ ಬಂಡೆಯಿಂದ ಹೊರಟು ಅಂಚಿನುದ್ದಕ್ಕೂ ಸುತ್ತಿ ಮತ್ತೆ ಕರೀ ಬಂಡೆಗೇ ಬರಬೇಕು. “ಸರಪಳಿ ಹೊರಟ ಕಲ್ಲಿಗೇ ಬಂದು ಸೇರಬೇಕು. ಸೇರಲಿಲ್ಲ ಅಂದ್ರೆ ನೀನು ಅಳೆದಿದ್ದು ಗಡ್ಡೆ ಅಲ್ಲ, ಗಾಳಿ” ಅನ್ನುತ್ತಿದ್ದರು. ಕೊನೆಗೆ, ಸೇರಿದ ಮೇಲೆ, ಗಡ್ಡೆಯ ಮೇಲೆ ಅವರು ಆಡುತ್ತಿದ್ದ ಒಂದೇ ಪ್ರಶ್ನೆ:

“ಜನಸಂಖ್ಯೆ?”

ನಾನು ಹೆಬ್ಬೆರಳಿಗೆ ತೋರುಬೆರಳು ಕೂಡಿಸಿ ಸೊನ್ನೆ ತೋರಿಸುತ್ತಿದ್ದೆ. ಮಾವ ಕಣ್ಣುಮುಚ್ಚಿ ತಲೆದೂಗುತ್ತಿದ್ದರು, ಒಳ್ಳೆಯ ಸಂಗೀತ ಕೇಳಿದವರ ಹಾಗೆ.

ಈ ಪ್ರಶ್ನೆ ಎಲ್ಲಿಂದ ಬಂತೆಂದರೆ ಜನಗಣತಿಯಿಂದ. ಒಂದು ಜನಗಣತಿಗೆ ಬಂದ ಮೇಷ್ಟ್ರನ್ನು ಮಾವ ಹಿಡಿದುಕೊಂಡು, ಗಡ್ಡೆಯ ಜನಸಂಖ್ಯೆಯನ್ನೂ ಬರೆಯಬೇಕೆಂದು ಹಟ ಮಾಡಿದರು.

“ಯಾರೂ ಇಲ್ಲ ಅಂತ ಇಲ್ಲಿಂದ್ಲೇ ಕಾಣ್ತೈತಲ್ರೀ” ಅಂದರು ಮೇಷ್ಟ್ರು, ದಂಡೆಯ ಮೇಲೆ ಕೊಡೆ ಹಿಡಿದು.

“ಇರೋರನ್ನ ದೂರದಿಂದ ಎಣಿಸಬೋದು ಮೇಷ್ಟ್ರೆ. ಇಲ್ಲದೋರನ್ನ ಹತ್ರ ಹೋಗೇ ಎಣಿಸಬೇಕು!”

ಪಾಪ, ಹೋದರು. ಹರಿಗೋಲಿನಿಂದ ಇಳಿಯುವಾಗ ಕೊಡೆಸಮೇತ ನೀರಿಗೆ ಬಿದ್ದರು. ಮೇಲೆದ್ದು ಪಂಚೆ ಹಿಂಡುತ್ತ ಅವರು ಹೇಳಿದ ಮಾತು: “ಸೊನ್ನೆ ಅಂತ ಬರ್ಕೊಂಡಿದೀನಿ, ಇನ್ನು ಬಿಟ್ಟುಬಿಡ್ರಪ್ಪ.”

ಕಂದಾಯದವರಲ್ಲಿ ಒಂದು ಹಳೇ ಮಾತಿದೆ, ‘ಬೇಚರಾಕ್’ ಗ್ರಾಮ ಅಂತ. ಹೆಸರು, ಎಲ್ಲೆ ಎಲ್ಲ ಇದ್ದು ಜನ ಮಾತ್ರ ಇಲ್ಲದ ಊರು. ಪದದ ಮೂಲ ಅರ್ಥ ‘ದೀಪವಿಲ್ಲದ್ದು’ ಎಂದು ಮಾವ ವಿವರಿಸುತ್ತಿದ್ದರು. ದೀಪ ಉರಿದರೆ, ಒಲೆ ಉರಿದರೆ, ಅಲ್ಲಿಗೆ ಜನ ಬಂದರು ಅಂತ ಲೆಕ್ಕ. ಆದ್ದರಿಂದ ಗಡ್ಡೆಯ ಮೇಲೆ ಯಾರೂ ಬೆಂಕಿ ಹಚ್ಚಕೂಡದು ಎಂಬುದು ಆ ದೇಶದ ಏಕೈಕ ಕಾನೂನು. ನಾವು ಬುತ್ತಿ ಒಯ್ದರೆ ತಣ್ಣಗಿನ ರೊಟ್ಟಿ, ಮೊಸರನ್ನ. ಕಾಫಿ ಇಲ್ಲ. ಸರಿ, ಬೀಡಿ? ಮಾವನಿಗೆ ಗಂಟೆಗೊಂದು ಬೀಡಿ ಬೇಕು! ಕಾನೂನು ಮಾಡಿದವರೇ ಮುರಿಯುವುದುಂಟೆ? ಅವರು ಪಂಚೆ ಎತ್ತಿಕಟ್ಟಿ, ಗಡ್ಡೆಯಿಂದಿಳಿದು, ಮೊಣಕಾಲುದ್ದ ನೀರಿನಲ್ಲಿ ನಿಂತು, ಎರಡೂ ಅಂಗೈ ಗೂಡು ಮಾಡಿ ಗಾಳಿಗೆ ಕಡ್ಡಿ ಗೀರಿ, ಕೊಕ್ಕರೆಯ ಹಾಗೆ ನಿಂತು ಸೇದುತ್ತಿದ್ದರು. ಬೂದಿಯನ್ನೂ ಹೊಳೆಯ ಕಡೆಗೇ ಕೊಡವುತ್ತಿದ್ದರು.

“ಇದೇ ಕಾಯ್ದೆ ಮನೇಲೂ ಮಾಡ್ಕಳ್ರಿ. ಬಚ್ಚಲ ಹಂಡೆಯೊಳಗೆ ನಿಂತು ಸೇದ್ರಿ” ಅನ್ನುತ್ತಿದ್ದರು ಅತ್ತೆ, ಮಾವನ ಹೆಂಡತಿ. ಅತ್ತೆ ಗಡ್ಡೆಯನ್ನು ‘ನನ್ನ ಸವತಿ’ ಎಂದೇ ಕರೆಯುತ್ತಿದ್ದರು. “ರಜೆ ಸಿಕ್ತು ಅಂದ್ರೆ ಸಾಕು, ಸವತಿ ಮನೆ! ಅವಳಿಗೆ ವರ್ಷಕ್ಕೊಂದು ಸಲ ಅಳತೆ ತಗೊಳ್ತಾರೆ, ನನ್ನ ರವಿಕೆ ಅಳತೆ ದರ್ಜಿಗೆ ಕೊಡಾಕೆ ಇವರಿಗೆ ಪುರುಸೊತ್ತಿಲ್ಲ.”

ಇತಿಹಾಸ ಇನ್ನೂ ದೊಡ್ಡದು. ಶಿಲಾಯುಗದ ಬಗ್ಗೆ ಮಾವನ ಅಭಿಪ್ರಾಯ: “ಶಿಲೆ ಐತೆ. ಯುಗ ಗೊತ್ತಿಲ್ಲ.” ಆಮೇಲೆ ನೇರವಾಗಿ ಎಮ್ಮೆಯ ಕಾಲ. ಒಂದು ಮಳೆಗಾಲದ ಕೊನೆಗೆ, ಗಡ್ಡೆಯ ಬೆನ್ನು ಆಗಷ್ಟೇ ಮೇಲೆ ಬಂದಿದ್ದಾಗ, ಗೋವಿನಕೋವಿ ಕಡೆಯ ಎಮ್ಮೆಯೊಂದು ಪ್ರವಾಹಕ್ಕೆ ಸಿಕ್ಕಿ ತೇಲಿಬಂದು ಗಡ್ಡೆ ಹತ್ತಿತು. ನೀರು ಇಳಿಯುವವರೆಗೆ ಅಲ್ಲೇ ರಾಜ್ಯಭಾರ ಮಾಡಿತು, ಮತ್ತು ಅಲ್ಲೇ ಕರು ಹಾಕಿತು. ಇದು ಮಾವನಿಗೆ ದೊಡ್ಡ ಧರ್ಮಸಂಕಟವಾಯಿತು. ಎಮ್ಮೆ ವಲಸೆ ಬಂದದ್ದು, ಸರಿ. ಆದರೆ ಕರು? ಹುಟ್ಟಿದ್ದೇ ಅಲ್ಲಿ! ಸ್ಥಳೀಯ ನಿವಾಸಿಯಲ್ಲವೇ? ಬಹಳ ಯೋಚನೆ ಮಾಡಿ, ‘ಎಮ್ಮೆ ದೀಪ ಹಚ್ಚುವುದಿಲ್ಲ’ ಎಂಬ ಆಧಾರದ ಮೇಲೆ ಗಡ್ಡೆ ಬೇಚರಾಕ್ ಆಗಿಯೇ ಉಳಿಯಿತೆಂದು ತೀರ್ಮಾನಿಸಿದರು. ಕರು ದೊಡ್ಡದಾಗಿ ನಾಲ್ಕು ಮನೆಗೆ ಹಾಲು ಕೊಟ್ಟಿತಾದರೂ, ಅದನ್ನು ಕಂಡಾಗಲೆಲ್ಲ ಮಾವ ಗಡ್ಡೆಯಿಂದ ಬಂದ ನೆಂಟರನ್ನು ಕಂಡಂತೆ ನಿಂತು ಮಾತಾಡಿಸಿಯೇ ಮುಂದೆ ಹೋಗುತ್ತಿದ್ದರು.

ಅನಂತರದ್ದು ಸ್ವಾಮಿಗಳ ಕಾಲ. ಅದು ಬಹಳ ಕಾಲ ಇರಲಿಲ್ಲ, ಒಂದು ಬೆಳಗ್ಗೆ ಮಾತ್ರ. ಬೇಸಿಗೆಯಲ್ಲಿ ಎಲ್ಲಿಂದಲೋ ಬಂದ ಸ್ವಾಮಿಗಳೊಬ್ಬರು ಗಡ್ಡೆಯ ಮೇಲೆ ಆಸನ ಹಾಸಿ, ಧುನಿ ಹಾಕಲು ಸೌದೆ ಜೋಡಿಸಿದ್ದಾರೆಂದು ಹನುಮಪ್ಪ ಸುದ್ದಿ ತಂದ. ಮಾವ ಮುಖ ಕೂಡ ತೊಳೆಯದೆ ಓಡಿದರು. ಶಾಲೆಗೆ ರಜೆ ಇತ್ತಾದ್ದರಿಂದ ನಾನೂ ಹರಿಗೋಲಿನಲ್ಲಿದ್ದೆ. ಸ್ವಾಮಿಗಳು ಕೂತಿದ್ದದ್ದು ಸರಿಯಾಗಿ ನಾನು ಕೂರುವ ಹೊಂಗೆಯ ನೆರಳಿನಲ್ಲಿ!

ಮಾವ ಕೈಮುಗಿದರು. “ಬುದ್ಧೀ, ಕಡ್ಡಿ ಗೀರೋಕೆ ಮುಂಚೆ ಒಂದ್ಸಲ ತಲೆ ಎತ್ತಿ ಮೇಲೆ ನೋಡ್ರಿ.”

ಹೊಂಗೆಯ ಎತ್ತರದ ಕೊಂಬೆಯಲ್ಲಿ ಒಣಹುಲ್ಲು, ಹರಿದ ಬಟ್ಟೆ ಮತ್ತು ಒಂದು ಒಂಟಿ ಚಪ್ಪಲಿ ಸಿಕ್ಕಿಕೊಂಡು ತೂಗುತ್ತಿದ್ದವು.

“ಏನಪ್ಪ ಅದು? ಯಾರು ಹತ್ತಿ ಇಟ್ಟಿದ್ದು?”

“ಯಾರೂ ಹತ್ತಿಲ್ಲ ಬುದ್ಧಿ. ಹೋದ ಮಳೆಗಾಲದಾಗೆ ಹೊಳೆ ಅಲ್ಲಿ ತನಕ ಬಂದಿತ್ತು. ಚಪ್ಪಲಿ ಬಿಟ್ಟು ಹೋಗೈತೆ.”

ಸ್ವಾಮಿಗಳು ಸ್ವಲ್ಪ ಹೊತ್ತು ಆ ಚಪ್ಪಲಿಯನ್ನೇ ಧ್ಯಾನಿಸಿದರು. ಆಮೇಲೆ ಆಸನ ಸುತ್ತಿದರು. ಭವಸಾಗರವನ್ನು ಎಷ್ಟು ಬೇಗ ದಾಟಿದರೋ ಗೊತ್ತಿಲ್ಲ, ತುಂಗಭದ್ರೆಯನ್ನು ಅಂದು ಅವರಷ್ಟು ಬೇಗ ಯಾರೂ ದಾಟಿರಲಿಲ್ಲ.

ಕಡೆಯದು ಸೌತೆಕಾಯಿ ಸಂಧಾನ. ಆಚೆ ದಂಡೆಯ ಗಟ್ಟಿಮುಟ್ಟಾದ ಒಬ್ಬ ಯುವಕ ಗಡ್ಡೆಯ ಮರಳಿನಲ್ಲಿ ಸೌತೆ, ಕಲ್ಲಂಗಡಿ ಬಳ್ಳಿ ಹಾಕಿ, ಕಾಯಲು ಗುಡಿಸಲು ಕಟ್ಟಲು ಹೊರಟ.

“ಬಳ್ಳಿ ಹಾಕ್ಕೊ, ಬ್ಯಾಡ ಅನ್ನಲ್ಲ. ಗುಡಿಸಲು ಬ್ಯಾಡ” ಅಂದರು ಮಾವ. “ಗುಡಿಸಲು ಹಾಕಿದ್ರೆ ಒಲೆ ಹೂಡ್ತೀಯ. ಒಲೆ ಹೂಡಿದ್ರೆ ಹೆಂಡ್ತಿ ಬರ್ತಾಳೆ. ಹೆಂಡ್ತಿ ಬಂದ್ಲು ಅಂದ್ರೆ ರೇಷನ್ ಕಾರ್ಡು ಕೇಳ್ತೀಯ!”

“ನಂಗೆ ಮದುವೇನೇ ಆಗಿಲ್ಲ ಸಾಹೇಬ್ರೆ. ಮೊದ್ಲು ಒಂದು ಹೆಣ್ಣು ನೋಡಿಕೊಡ್ರಿ, ಆಮೇಲೆ ಒಲೆ ಬಿಡಿಸೀರಂತೆ!”

ಅವನು ಹೇಳಿದ್ದು ತಮಾಷೆಗೆ. ಮಾವನಿಗೆ ಗಡ್ಡೆಯ ವಿಷಯದಲ್ಲಿ ತಮಾಷೆ ತಿಳಿಯುತ್ತಿರಲಿಲ್ಲ. ಎರಡು ತಿಂಗಳು ಚನ್ನಗಿರಿ ಸೀಮೆಯನ್ನೆಲ್ಲ ಸುತ್ತಿ, ಜಮೀನು ಅಳೆಯಲು ಹೋದ ಮನೆಗಳಲ್ಲೆಲ್ಲ ಹೆಣ್ಣು ವಿಚಾರಿಸಿ, ಕೊನೆಗೆ ಗಂಡುಮಕ್ಕಳಿಲ್ಲದ ಒಂದು ಮನೆಗೆ ಅವನನ್ನು ಅಳಿಯನನ್ನಾಗಿ ಮಾಡಿಯೇಬಿಟ್ಟರು. ಅವನು ಹೆಂಡತಿಯ ಮನೆಯ ಹೊಲ ನೋಡಿಕೊಳ್ಳಲು ಹೋದ. ಸೌತೆಬಳ್ಳಿ ಗಡ್ಡೆಯ ಮೇಲೇ ಒಣಗಿತು. ರಾಜರುಗಳು ರಾಜ್ಯ ಉಳಿಸಿಕೊಳ್ಳಲು ಮದುವೆ ಸಂಬಂಧ ಬೆಳೆಸುತ್ತಿದ್ದರೆಂದು ಪಾಠದಲ್ಲಿ ಓದಿದಾಗ ನನ್ನ ತರಗತಿಯಲ್ಲಿ ನನಗೊಬ್ಬಳಿಗೇ ಆಶ್ಚರ್ಯವಾಗಲಿಲ್ಲ.

ಮಾವನಿಗೆ ಈ ಹುಚ್ಚು ಯಾಕೆ? ಎಲ್ಲರೂ ಕೇಳುತ್ತಿದ್ದರು. ಉತ್ತರ ನನಗೆ ತಾನಾಗಿ ಸಿಕ್ಕಿದ್ದು ಅವರು ಜಗಳೂರಿಗೆ ವರ್ಗವಾದಾಗ. ಬೇಸಿಗೆ ರಜೆಗೆ ನನ್ನನ್ನೂ ಕರೆದೊಯ್ದಿದ್ದರು. ಹೊಳೆಯಿಲ್ಲದ ಸೀಮೆ. ಬಿಳಿಚೋಡಿನ ಹತ್ತಿರ ಒಂದು ಒಣಕೆರೆಯ ಮಧ್ಯದ ದಿಬ್ಬದ ಮೇಲೆ ಮಾವ ಸಾಯಂಕಾಲ ಹೋಗಿ ಕೂರುತ್ತಿದ್ದರು. ಕುರಿ ಕಾಯುವ ಹಿರಿಯರೊಬ್ಬರು ಕೇಳಿದರು: “ಇಲ್ಲೇನು ಮಾಡ್ತೀರಿ ಸಾಹೇಬ್ರೆ, ದಿನಾ?”

“ಇದು ದ್ವೀಪ ಕಣಪ್ಪ. ನೀರು ರಜೆ ಮೇಲೆ ಹೋಗೈತೆ, ಅಷ್ಟೇ.”

“ರಜೆ ಅಲ್ರೀ ಸಾಹೇಬ್ರೆ, ವರ್ಗ! ನಿಮ್ಮನ್ನ ಇಲ್ಲಿಗೆ ಹಾಕಿ ಅದನ್ನ ಹೊನ್ನಾಳಿಗೆ ಹಾಕೈತೆ ಸರ್ಕಾರ.”

ಮಾವ ಬಿದ್ದುಬಿದ್ದು ನಕ್ಕರು. ಮರುದಿನ ಅವರು ಒಂದು ಹೊಲವನ್ನು ಅಣ್ಣ ತಮ್ಮಂದಿರಿಗೆ ಭಾಗ ಮಾಡಲು ಅಳೆಯುತ್ತಿದ್ದಾಗ ನಾನು ಬದುವಿನ ಮೇಲೆ ಕೂತಿದ್ದೆ. ಸರಪಳಿ ಒಂದು ಬೇವಿನ ಗಿಡದ ಆಚೆ ಹೋಗಬೇಕೋ ಈಚೆ ಹೋಗಬೇಕೋ ಎಂಬುದಕ್ಕೆ ಶುರುವಾದ ಮಾತು ಎಲ್ಲಿಗೆ ಮುಟ್ಟಿತೆಂದರೆ, ಬುತ್ತಿ ತಂದಿದ್ದ ಆ ಅಣ್ಣ ತಮ್ಮಂದಿರ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮನೆಯ ಕಡೆ ತಿರುಗಿ ನಡೆದುಬಿಟ್ಟಳು. ಬುತ್ತಿ ಬದುವಿನ ಮೇಲೇ ಉಳಿಯಿತು. ಮಾವ ಆ ಸಾಯಂಕಾಲ ಒಣಕೆರೆಯ ದಿಬ್ಬದ ಮೇಲೆ ಕೂತು, ನನ್ನ ಕಡೆ ನೋಡದೆ ಅಂದರು: “ನಾ ಸರಪಳಿ ಹಿಡಿದು ಹೋದಲ್ಲೆಲ್ಲ ಇದೇ ಪುಟ್ಟಿ. ಅದಕ್ಕೇ ವರ್ಷಕ್ಕೊಂದು ಸಲ ಆ ಗಡ್ಡೆ ಅಳೀತೀನಿ. ಅದೊಂದು ಅಳೆದ್ರೆ ಯಾರೂ ಯಾರ ಜತೆಗೂ ಮಾತು ಬಿಡಲ್ಲ.”

ಅವರ ಮಾತೆಲ್ಲ ಯಾಕೆ ಅಷ್ಟು ಜೋರಾಗಿತ್ತೆಂದು ನನಗೆ ಅಂದು ಸ್ವಲ್ಪ ಅರ್ಥವಾಯಿತು. ಜಗಳದ ಮಧ್ಯೆ ನಿಂತವನು ಮಾತಾಡುತ್ತಲೇ ಇರಬೇಕಲ್ಲ!

ನಾನು ಪಿಯುಸಿಯ ಕೊನೆಯ ವರ್ಷಕ್ಕೆ ಬರುವಷ್ಟರಲ್ಲಿ ನನ್ನ ಆಸೆ ಒಂದೇ ಇತ್ತು: ಮೈಸೂರಿಗೆ ಹೋಗಿ ಭೂಗೋಳ ಓದುವುದು. ಅಪ್ಪ ‘ಅಜ್ಜಿ ಹೂಂ ಅಂದ್ರೆ ನಂದೇನಿಲ್ಲ’ ಎಂದು ಕೈತೊಳೆದುಕೊಂಡಿದ್ದರು. ಅಜ್ಜಿ ಹೂಂ ಅನ್ನಲಿಲ್ಲ. “ಮನೆಯಾಗೆ ಸಾರು ಬೇಕು ಅಂತ ಬಾಯ್ಬಿಟ್ಟು ಕೇಳಲ್ಲ. ಆ ಹಾಸ್ಟೆಲಿನಾಗೆ ಉಪವಾಸ ಸಾಯ್ತಾಳೆ. ಮದುವೆ ಮಾಡಾನ. ಗಂಡನಾದ್ರೂ ಇವಳ ಪಾಲಿಂದು ಮಾತಾಡ್ತಾನೆ.”

ಇದಕ್ಕೆಲ್ಲ ಕಾರಣ ಗಡ್ಡೆಯೇ ಎಂದು ಅಜ್ಜಿಯ ನಂಬಿಕೆ. ದೀಪ ಇಲ್ಲದ ಜಾಗದಲ್ಲಿ ಕೂತು ಕೂತು ನನಗೆ ಗಾಳಿ ಸೋಕಿದೆ, ಮಾತು ಅಲ್ಲೇ ಬಿದ್ದುಹೋಗಿದೆ! ಆದ್ದರಿಂದ ಗಂಗಮ್ಮನಿಗೆ ಹರಕೆ ಹೊತ್ತಳು. ಹುಡುಗಿ ಹಿರಿಯರ ಎದುರು ಬಾಯ್ಬಿಟ್ಟು ಗಟ್ಟಿಯಾಗಿ ಒಂದು ಮಾತಾಡಿದರೆ ಗಡ್ಡೆಯ ಮೇಲೆ ದೀಪ ಹಚ್ಚುತ್ತೇನೆ, ವರ್ಷಾವರ್ಷ ಊರವರನ್ನೆಲ್ಲ ಕರೆದು ಹಚ್ಚಿಸುತ್ತೇನೆ, ಮೈಸೂರಿಗೂ ಕಳಿಸುತ್ತೇನೆ. ದಿನ ಕಳೆದರೂ ನನಗೆ ಬಾಯಿ ಬರಲಿಲ್ಲ. ಅಜ್ಜಿಗೆ ತಾಳ್ಮೆ ಮೊದಲೇ ಇಲ್ಲ. ಕಾರ್ತೀಕದಲ್ಲಿ ಒಂದು ಮಧ್ಯಾಹ್ನ, “ಗಂಗಮ್ಮಂಗೆ ಮುಂಗಡ ಕೊಟ್ಟುಬಿಡ್ತೀನಿ, ಆಮೇಲಾದ್ರೂ ಕೆಲಸ ಮಾಡ್ಲಿ” ಎಂದು ಹಣತೆ, ಎಣ್ಣೆ, ಬತ್ತಿ ಹಿಡಿದು, ಅತ್ತೆಯನ್ನೂ ನನ್ನನ್ನೂ ಎಳೆದುಕೊಂಡು ಹರಿಗೋಲು ಹತ್ತಿದಳು. ಮಾವ ಹಿಂದಿನ ದಿನವಷ್ಟೇ ಹೊಟ್ಟೆನೋವಿನ ಮೇಲೆ ಬಂದಿದ್ದವರು, ಹರಿಗೋಲಿಗೆ ಜಿಗಿದರು.

ಗಡ್ಡೆಯ ಮೇಲೆ ಮಾವ ಎರಡೂ ಕೈ ಅಗಲಿಸಿ ನಿಂತರು. “ಅವ್ವ, ನಿನ್ನ ಕಾಲಿಗೆ ಬೀಳ್ತೀನಿ. ಬ್ಯಾಡ.”

“ಕಾಲಿಗೆ ಆಮೇಲೆ ಬೀಳು, ಈಗ ದಾರಿ ಬಿಡು. ಸರ್ಕಾರದ ಹೊಳೆ, ನಿಮ್ಮಪ್ಪನ ಆಸ್ತಿನಾ?”

“ಇವತ್ತು ದೀಪ ಇಡ್ತೀಯ. ನಾಳೆ ಒಬ್ಬ ಬಂದು ಕಲ್ಲು ಇಡ್ತಾನೆ, ನಾಡಿದ್ದು ಒಬ್ಬ ಬಂದು ತೆಂಗಿನಕಾಯಿ ಅಂಗಡಿ ಇಡ್ತಾನೆ!”

“ಇಡ್ಲಿ ಬಿಡೋ! ಜನ ಬಂದ್ರೆ ನಿನಗೇನು ನೋವು?”

ಮಾವ ನನ್ನ ಕಡೆ ನೋಡಿದರು. ಅಷ್ಟು ವರ್ಷ ಎಮ್ಮೆ, ಸ್ವಾಮಿಗಳು, ಸೌತೆಕಾಯಿ ಎಲ್ಲರ ಎದುರೂ ಮಾತಾಡಿದ ಮನುಷ್ಯ, ಈ ಒಂದು ಪ್ರಶ್ನೆಗೆ ಉತ್ತರ ನನ್ನದೆಂದು ಸುಮ್ಮನೆ ನಿಂತರು. ಅಜ್ಜಿ ಹೊಂಗೆಯ ಬುಡದಲ್ಲಿ ಹಣತೆ ಇಟ್ಟು ಕಡ್ಡಿಪೆಟ್ಟಿಗೆ ತೆಗೆದಳು.

“ಅಜ್ಜಿ, ಇಲ್ಲಿ ದೀಪ ಹಚ್ಚಬೇಡ. ಹಚ್ಚಿದರೆ ಜನ ಬರ್ತಾರೆ. ಜನ ಬಂದರೆ ನನಗೆ ಕೂರಾಕೆ ಜಾಗ ಇರಲ್ಲ.”

ಯಾರ ದನಿ ಅಷ್ಟು ದೊಡ್ಡದು ಎಂದು ನಾನೇ ಒಂದು ಕ್ಷಣ ಹುಡುಕಿದೆ. ಟಿಟ್ಟಿಭಗಳು ಕೂಡ ಹಾರಿಹೋಗಿದ್ದವು. ಹನುಮಪ್ಪನ ಕೈಯಿಂದ ಹುಟ್ಟು ಜಾರಿ ನೀರಿಗೆ ಬಿತ್ತು.

“ಆಡಿದ್ಲು!” ಎಂದು ಅಜ್ಜಿ ಕೂಗಿದಳು. “ಹಿರೇರ ಮುಂದೆ ಬಾಯ್ಬಿಟ್ಟು ಮೂರು ಮಾತು ಆಡಿದ್ಲು! ತಾಯಿ ಗಂಗಮ್ಮ, ಮುಂಗಡಕ್ಕೂ ಮುಂಚೆ ಕೊಟ್ಯಲ್ಲವ್ವ! ಹರಕೆ ಸಂದಿತು. ಈಗ ದೀಪ ಹಚ್ಚಲೇಬೇಕು!”

ಮಾವ ತಲೆಯ ಮೇಲೆ ಕೈಹೊತ್ತು ಮರಳಿನಲ್ಲಿ ಕುಸಿದರು. “ಅಯ್ಯೋ ಪುಟ್ಟಿ, ಇಷ್ಟು ವರ್ಷ ಸುಮ್ನಿದ್ದೋಳು ಬಾಯ್ಬಿಡಾಕೆ ನಿನಗೆ ಬೇರೆ ದಿನ ಸಿಗಲಿಲ್ವಾ?”

ಒಮ್ಮೆ ಬಾಯಿ ತೆರೆದಾಗಿತ್ತು. ಇನ್ನೊಂದು ಮಾತಿಗೆ ಹೆಚ್ಚು ಕಷ್ಟವಾಗಲಿಲ್ಲ. “ಮಾವ ಬೀಡಿ ಸೇದುವ ಕಡೆ ಹಚ್ಚು ಅಜ್ಜಿ” ಅಂದೆ.

ಅಜ್ಜಿ ಯೋಚನೆ ಮಾಡಿದಳು. ಅತ್ತೆ ಸೆರಗಿನಲ್ಲಿ ನಗು ಒತ್ತಿಹಿಡಿದಿದ್ದರು. “ಆಗ್ಲಿ” ಅಂದಳು ಅಜ್ಜಿ. “ಇವನ ಬೀಡಿಗಿರೋ ಕಾಯ್ದೆ ನನ್ನ ಗಂಗಮ್ಮಂಗೂ ಇರ್ಲಿ. ಎಷ್ಟೇ ಆದ್ರೂ ಗಂಗಮ್ಮ ಇರಾದು ನೀರಿನಾಗೇ ಅಲ್ವಾ?”

ಸೀರೆ ಎತ್ತಿಕಟ್ಟಿ ಅಜ್ಜಿ ಮೊಣಕಾಲುದ್ದ ನೀರಿನಲ್ಲಿ ನಿಂತಳು, ಅಂಗೈ ಮೇಲೆ ಹಣತೆ. ಗಾಳಿಗೆ ಕಡ್ಡಿ ನಿಲ್ಲಲಿಲ್ಲ. ಒಂದು ಆರಿತು, ಇನ್ನೊಂದೂ ಆರಿತು. ಆಗ ಮಾವ ನೀರಿಗಿಳಿದು, ಎರಡೂ ಅಂಗೈಯನ್ನು ಗೂಡು ಮಾಡಿ ಹಿಡಿದರು. ವರ್ಷಗಟ್ಟಲೆ ಅದೇ ಜಾಗದಲ್ಲಿ ಬೀಡಿ ಹಚ್ಚಿ ಪಳಗಿದ ಕೈ! ಬತ್ತಿ ಹತ್ತಿಕೊಂಡಿತು. ಅಜ್ಜಿ ಅದನ್ನು ಮುತ್ತುಗದ ಎಲೆಯ ಮೇಲಿಟ್ಟು ತೇಲಿಬಿಟ್ಟಳು. ಅದು ಗಡ್ಡೆಯನ್ನು ಬಳಸಿಕೊಂಡು ಹೊನ್ನಾಳಿ ಕಡೆಗೆ ಹೋಯಿತು. ಗಡ್ಡೆ ಬೇಚರಾಕ್ ಆಗಿಯೇ ಉಳಿಯಿತು.

ವಾಪಸ್ಸು ಬರುವಾಗ ಹರಿಗೋಲಿನಲ್ಲಿ ಅಜ್ಜಿ ಕೇಳಿದಳು: “ಮೈಸೂರಿನಾಗೆ ಹಸಿವಾದ್ರೆ ಕೇಳ್ತೀಯ?”

“ಕೇಳ್ತೀನಿ.”

“ಸಾಕು. ಹೋಗು.”

ಹೋದೆ. ಭೂಗೋಳ ಓದಿದೆ. ಪರೀಕ್ಷೆಯಲ್ಲಿ ದ್ವೀಪದ ಲಕ್ಷಣಗಳನ್ನು ಬರೆಯಿರಿ ಎಂದಾಗ, ಒಲೆ ಇರಬಾರದು ಎಂದು ಬರೆಯದೆ ಕೈ ತಡೆದುಕೊಂಡದ್ದು ನನ್ನ ವಿದ್ಯಾರ್ಥಿ ಜೀವನದ ಅತ್ಯಂತ ಕಷ್ಟದ ಸಾಧನೆ. ಈಗ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ, ದಿನವಿಡೀ ನಿಂತು ಮಾತಾಡುತ್ತೇನೆ. ಅಜ್ಜಿಗೆ ಇದರ ಪೂರ್ತಿ ಶ್ರೇಯಸ್ಸು ಬಜೆಯದ್ದೆಂದೇ ನಂಬಿಕೆ.

ಕಳೆದ ವರ್ಷ, ಮತ್ತೆ ಜಗಳೂರಿಗೇ ವರ್ಗವಾಗಿದ್ದಾಗ, ಮಾವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಮತ್ತು ಮಾತು ಹೋದವು. ಉಳಿದ ಎಡಗೈಯಲ್ಲೂ ಬಲ ಅಷ್ಟಕ್ಕಷ್ಟೇ. ನಾನು ರಜೆ ಹಾಕಿ ಹೊನ್ನಾಳಿಗೆ ಬಂದಾಗ ಅವರನ್ನು ನಡುಮನೆಯಲ್ಲಿ, ಆ ವಾಡೆಯ ಪಕ್ಕದ ಮಂಚದಲ್ಲಿ ಮಲಗಿಸಿದ್ದರು. ಸುತ್ತ ಜನ. ಒಬ್ಬೊಬ್ಬರಾಗಿ ಮುಖದ ಹತ್ತಿರ ಬಗ್ಗಿ, “ನಾನ್ಯಾರು ಹೇಳ್ರಿ ನೋಡಾನ? ಹೇಳ್ರಿ! ನನ್ನ ಹೆಸರು ಹೇಳ್ರಿ!” ಎಂದು ಕೂಗುತ್ತಿದ್ದರು. ಪ್ರೀತಿಯಿಂದಲೇ ಕೂಗುತ್ತಿದ್ದರು. ಮೂಲೆಯಲ್ಲಿ ಅಜ್ಜಿ, ಬೆನ್ನು ಪೂರ್ತಿ ಬಾಗಿದ್ದವಳು, ಬಜೆ ತೇಯುತ್ತಿದ್ದಳು.

ಮಾವ ಗೋಡೆಯ ಕಡೆ ಮುಖ ಮಾಡಿದ್ದರು. ವಾಡೆಗೂ ಗೋಡೆಗೂ ನಡುವಿನ ಆ ಸಣ್ಣ ಜಾಗವನ್ನು ನೋಡುತ್ತಿದ್ದರು. ಅದು ಎಂಥ ನೋಟವೆಂದು ಆ ಮನೆಯಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ನಾನು ಬಗ್ಗಿ ಕೇಳಿದೆ, “ಯಾರೂ ಮಾತಾಡಿಸಬಾರದಾ ಮಾವ?”

ಅವರು ತಲೆ ಆಡಿಸಿದರು.

ಅತ್ತೆ ಅದನ್ನು ನೋಡಿದರು. ಎದ್ದು ಹೋಗಿ ಶಾಲು ತಂದು ಮಾವನಿಗೆ ಹೊದಿಸಿದರು. “ಕರ್ಕೊಂಡು ಹೋಗು” ಅಂದರು ನನಗೆ. “ಸವತಿ ಮನೇಲಾದ್ರೂ ಒಂದು ಗಳಿಗೆ ನೆಮ್ಮದಿಯಾಗಿ ಕೂರ್ಲಿ.”

ಹನುಮಪ್ಪ ಮತ್ತು ಅವನ ಅಳಿಯ ಮಾವನನ್ನು ಹೊತ್ತು ತಂದು ಹೊಂಗೆಗೆ ಒರಗಿಸಿ ಕೂರಿಸಿದರು. ಆಮೇಲೆ ಹೇಳಿಸಿಕೊಳ್ಳದೆಯೇ ಹರಿಗೋಲು ದೂರ ತೆಗೆದುಕೊಂಡು ಹೋದರು. ಆ ವರ್ಷ ಗಡ್ಡೆಯನ್ನು ಯಾರೂ ಅಳೆದಿರಲಿಲ್ಲ. ಬಾಲ ಸ್ವಲ್ಪ ಬೆಳೆದಿತ್ತು. ಕೊಂಬೆಯಲ್ಲಿ ಹೊಸ ಹುಲ್ಲು ಸಿಕ್ಕಿತ್ತು. ಪೂರ್ವಕ್ಕೆ ಹೊಳೆ, ಪಶ್ಚಿಮಕ್ಕೆ ಹೊಳೆ. ನಾನು ಒಂದು ಮಾತೂ ಆಡಲಿಲ್ಲ, ಪ್ರಶ್ನೆ ಕೇಳಲಿಲ್ಲ. ಮಾವನ ಗಂಟುಕಟ್ಟಿದ್ದ ಹಣೆ ನಿಧಾನವಾಗಿ ಸಡಿಲವಾಯಿತು.

ಬಿಸಿಲು ಇಳಿಯುವಾಗ ಅವರು ಕರೀ ಬಂಡೆಯಿಂದ ಕರೀ ಬಂಡೆಯವರೆಗೆ ಸುತ್ತ ಒಮ್ಮೆ ಕಣ್ಣಾಡಿಸಿ, ಎಡಗೈ ಮೇಲೆತ್ತಿದರು. ಹೆಬ್ಬೆರಳು ಮತ್ತು ತೋರುಬೆರಳು ಬಾಗಿ ಒಂದರ ಕಡೆ ಒಂದು ಬಂದವು. ಅಷ್ಟಕ್ಕೇ ನಿಂತವು. ಸೊನ್ನೆ ಪೂರ್ತಿಯಾಗಲಿಲ್ಲ. ಎರಡು ಬೆರಳ ನಡುವೆ ಒಂದಿಷ್ಟು ಸಂದು ಉಳಿಯಿತು.

ನಾನು ನನ್ನ ಬೆರಳನ್ನು ಆ ಸಂದಿನಲ್ಲಿಟ್ಟೆ. ಸರಪಳಿ ಹೊರಟ ಕಲ್ಲಿಗೆ ಬಂದು ಸೇರಿತು.